ಅವಶೇಷದಿಂದ ಅಪರೂಪದ ಹಳೆಯ ಸ್ಪೋರ್ಟ್ಸ್ ಕಾರನ್ನು ಗುರುತಿಸುವ ಕ್ರಮ

ಸುಟ್ಟುಹೋದ, ನುಜ್ಜುಗುಜ್ಜಾದ ಅಥವಾ ಬಿಡಿಬಿಡಿಯಾಗಿ ಚದುರಿದ ಹಳೆಯ ಸ್ಪೋರ್ಟ್ಸ್ ಕಾರು ಎದುರಿಗಿದ್ದಾಗ ಹೆಚ್ಚಿನವರು ಮೊದಲು ಹುಡುಕುವುದು ಕಂಪನಿಯ ಲಾಂಛನವನ್ನು, ಆಮೇಲೆ ಚಾಸಿ ಸಂಖ್ಯೆಯ ಫಲಕವನ್ನು. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಮುಖ್ಯ ಸಲಹೆ. ಲಾಂಛನವನ್ನು ಎರಡು ತಿರುಪುಗಳಿಂದ ಯಾವ ತಗಡಿಗಾದರೂ ಕೂರಿಸಬಹುದು. ಫಲಕವನ್ನು ನಾಲ್ಕು ರಿವೆಟ್‌ಗಳಿಂದ ಯಾವ ಕಾರಿಗಾದರೂ ಬಡಿಯಬಹುದು. ಆದರೆ ಗೇರ್‌ಬಾಕ್ಸಿನ ಅಡಿಯಲ್ಲಿರುವ ಎರಕದ ಗುರುತನ್ನು, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮೇಲೆ ಒತ್ತಿರುವ ತಿಂಗಳು ಮತ್ತು ವರ್ಷವನ್ನು, ಬಾನೆಟ್ಟಿನ ಹಿಂಬದಿಯಲ್ಲಿ ತಗಡಿನ ಕೆಲಸಗಾರ ಗುದ್ದಿದ ಪುಟ್ಟ ಅಂಕೆಯನ್ನು ಬದಲಿಸಲು ಸಾಮಾನ್ಯವಾಗಿ ಯಾರೂ ಶ್ರಮ ಪಡುವುದಿಲ್ಲ. ಒಂದು ಸಾಕ್ಷ್ಯವನ್ನು ಎಷ್ಟು ಸುಲಭವಾಗಿ ಬದಲಿಸಬಹುದೋ ಅದಕ್ಕೆ ಅಷ್ಟೇ ಕಡಿಮೆ ತೂಕ ಕೊಡಬೇಕು, ಮತ್ತು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಾಕ್ಷ್ಯಗಳು ಒಂದೇ ಕಡೆಗೆ ಬೆರಳು ತೋರಿದ ಮೇಲೆಯೇ ಕಾರಿನ ಹೆಸರನ್ನು ಹೇಳಬೇಕು.

ಕೆಲಸದುದ್ದಕ್ಕೂ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಇದನ್ನು ತಯಾರಿಸಿದವರು ಯಾರು? ಇದು ಯಾವ ಮಾದರಿಯದು, ಯಾವ ವರ್ಷದ್ದು? ಆ ಮಾದರಿಯ ಕಾರುಗಳಲ್ಲಿ ಇದು ನಿರ್ದಿಷ್ಟವಾಗಿ ಯಾವುದು? ಮೊದಲನೆಯದಕ್ಕೆ ಒಂದು ಒಡೆದ ಸಿಲಿಂಡರ್ ಹೆಡ್ ಸಾಕಾಗಬಹುದು. ಮೂರನೆಯದಕ್ಕೆ ಇಡೀ ರಾಶಿಯೂ ಸಾಲದಿರಬಹುದು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಉತ್ತರಿಸಲು ಹೊರಟಾಗಲೇ ಹೆಚ್ಚಿನ ತಪ್ಪುಗಳು ನಡೆಯುತ್ತವೆ.

ಮುಟ್ಟುವ ಮುನ್ನ

ಗುರುತಿಸುವ ಕೆಲಸಕ್ಕೆ ಅತಿ ದೊಡ್ಡ ಶತ್ರು ತುಕ್ಕಲ್ಲ, ಆತುರದ ಶುಚಿಕಾರ್ಯ. ತಂತಿ ಬ್ರಷ್ಷು, ಮರಳು ಹೊಡೆಯುವ ಯಂತ್ರ ಮತ್ತು ಆಮ್ಲ ಇವು ತುಕ್ಕಿನೊಡನೆ ಪೆನ್ಸಿಲ್ ಬರಹವನ್ನೂ ಮೂಲ ಬಣ್ಣದ ಕೊನೆಯ ಚೂರನ್ನೂ ಗುದ್ದಿದ ಅಂಕೆಗಳ ಅಂಚನ್ನೂ ಕೊಂಡೊಯ್ಯುತ್ತವೆ. ಆದ್ದರಿಂದ ಅವಶೇಷವು ಸಿಕ್ಕ ಸ್ಥಿತಿಯಲ್ಲೇ ಎಲ್ಲ ಕಡೆಯಿಂದಲೂ ಅದರ ಚಿತ್ರ ತೆಗೆಯಬೇಕು; ಯಾವ ಭಾಗ ಯಾವುದಕ್ಕೆ ಬೋಲ್ಟ್ ಆಗಿತ್ತು, ಯಾವುದು ಸುಮ್ಮನೆ ಪಕ್ಕದಲ್ಲಿ ಬಿದ್ದಿತ್ತು ಎಂಬುದನ್ನು ಬರೆದಿಡಬೇಕು. ಹತ್ತಾರು ವರ್ಷಗಳಿಂದ ತುಕ್ಕು ಹಿಡಿದು ಚೌಕಟ್ಟಿಗೆ ಕಚ್ಚಿಕೊಂಡಿರುವ ಗೇರ್‌ಬಾಕ್ಸಿಗೂ ಅದೇ ಕೋಣೆಯ ಕಪಾಟಿನಲ್ಲಿ ಸಿಕ್ಕ ಗೇರ್‌ಬಾಕ್ಸಿಗೂ ಸಾಕ್ಷ್ಯವಾಗಿ ಅಜಗಜಾಂತರವಿದೆ. ಸ್ವಿಟ್ಜರ್ಲೆಂಡಿನ ಆಸ್ಕೋನಾದ ಬಳಿ ಮಾಜೋರೆ ಸರೋವರದ ತಳದಲ್ಲಿ, 50 ಮೀಟರಿಗೂ ಹೆಚ್ಚು ಆಳದಲ್ಲಿ, ದಶಕಗಳ ಕಾಲ ಬಿದ್ದಿದ್ದ 1925ರ ಬುಗಾಟಿ ಬ್ರೆಸಿಯಾ ಕಾರನ್ನು 2009ರಲ್ಲಿ ಮೇಲೆತ್ತಿದರು. ಅದು 2010ರಲ್ಲಿ ಹರಾಜಾದ ಮೇಲೆಯೂ ಅದನ್ನು ಹೊಸದಾಗಿಸದೆ, ನೀರು ಬಿಟ್ಟುಕೊಟ್ಟ ರೂಪದಲ್ಲೇ ಪ್ರದರ್ಶನಕ್ಕೆ ಇಡಲಾಯಿತು. ಅದು ಸರಿಯಾದ ನಿರ್ಧಾರವೆಂದು ನಾನು ನಂಬುತ್ತೇನೆ, ಏಕೆಂದರೆ ಅಂಥ ಅವಶೇಷದಲ್ಲಿ ಸವೆದ ಮೇಲ್ಮೈಯೇ ದಾಖಲೆಯಾಗಿರುತ್ತದೆ.

ಮೈಗೆ ಅಪಾಯವಾಗುವ ಸಂಗತಿಗಳೂ ಇವೆ. ಹಳೆಯ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್ ಮತ್ತು ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಬಾರದು, ಗಾಳಿ ಊದಬಾರದು. ಹಳೆಯ ಬಣ್ಣದಲ್ಲೂ ತಗಡಿನ ಸಂದುಗಳನ್ನು ತುಂಬಿದ ಬೆಸುಗೆಯಲ್ಲೂ ಸೀಸ ಇರುತ್ತದೆ. ಬೆಂಕಿಗೆ ಸಿಕ್ಕ ಕಾರಿನಲ್ಲಿ ಕರಗಿ ಅಂಟಾಗಿರುವ ಕಪ್ಪು ಸೀಲುಗಳನ್ನು ಬರಿಗೈಯಿಂದ ಮುಟ್ಟಬಾರದು, ಏಕೆಂದರೆ ಫ್ಲೋರಿನ್ ಸೇರಿದ ರಬ್ಬರು ಸುಟ್ಟಾಗ ಚರ್ಮವನ್ನು ಆಳಕ್ಕೆ ಕೊರೆಯುವ ಆಮ್ಲ ಹುಟ್ಟುತ್ತದೆ. ಮೆಗ್ನೀಸಿಯಂ ಎರಕಗಳನ್ನು ಗ್ರೈಂಡರಿನಿಂದ ಮುಟ್ಟುವುದೂ ಅಪಾಯ. ಅದರ ಪುಡಿ ಹೊತ್ತಿಕೊಂಡರೆ ನೀರಿನಿಂದ ಆರುವುದಿಲ್ಲ, ಇನ್ನಷ್ಟು ಉರಿಯುತ್ತದೆ. ಲೋಹ ಮೆಗ್ನೀಸಿಯಮ್ಮೋ ಅಲ್ಯೂಮಿನಿಯಮ್ಮೋ ಎಂಬ ಸಂಶಯ ಬಂದರೆ ಕಾಣದ ಮೂಲೆಯೊಂದರಲ್ಲಿ ಒಂದು ಹನಿ ವಿನೆಗರ್ ಹಾಕಿ ನೋಡಬಹುದು: ಮೆಗ್ನೀಸಿಯಂ ಗುಳ್ಳೆ ಏಳಿಸುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಈ ಪರೀಕ್ಷೆ ಗುರುತಿಗೂ ನೆರವಾಗುತ್ತದೆ. ಪೋರ್ಷೆ 911ರ ಕ್ರ್ಯಾಂಕ್‌ಕೇಸು, ಅಂದರೆ ಎಂಜಿನ್ನಿನ ಕೆಳಗಿನ ಮುಖ್ಯ ಕವಚ, ಮೊದಲ ವರ್ಷಗಳಲ್ಲಿ ಅಲ್ಯೂಮಿನಿಯಮ್ಮಿನದಾಗಿತ್ತು; 1968ರಿಂದ 1977ರವರೆಗಿನ ಕಾಲದಲ್ಲಿ ಅದು ಮುಖ್ಯವಾಗಿ ಮೆಗ್ನೀಸಿಯಂ ಮಿಶ್ರಲೋಹದ್ದಾಗಿತ್ತು.

ಚೌಕಟ್ಟು ಮತ್ತು ಅಳತೆ

ಮೈ ತಗಡೆಲ್ಲ ಹೋಗಿದ್ದರೂ ಅಸ್ಥಿಪಂಜರ ಮಾತಾಡುತ್ತದೆ. ತೆಳ್ಳಗಿನ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಹೆಣೆದ ಜಾಲರಿ, ಬಾಗಿಲ ಕೆಳಗೆ ಅಸಾಧಾರಣವಾಗಿ ಎತ್ತರದ ಹೊಸ್ತಿಲು ಮತ್ತು ಛಾವಣಿಯಲ್ಲಿ ತಿರುಗಣಿಯ ನೆಲೆ ಇವು ಕಂಡರೆ ಅದು 1954ರಿಂದ 1957ರವರೆಗೆ 1,400ರಷ್ಟು ತಯಾರಾದ ಮರ್ಸಿಡಿಸ್-ಬೆಂಜ್ 300ಎಸ್‌ಎಲ್ ಗಲ್‌ವಿಂಗ್ ಇರಬಹುದೇ ಎಂದು ಕೇಳಿಕೊಳ್ಳಬೇಕು. ಜಾಲರಿಯ ಎತ್ತರದಿಂದಾಗಿ ಸಾಮಾನ್ಯ ಬಾಗಿಲಿಗೆ ಜಾಗವಿರಲಿಲ್ಲವಾದ್ದರಿಂದಲೇ ಬಾಗಿಲುಗಳು ರೆಕ್ಕೆಗಳಂತೆ ಮೇಲಕ್ಕೆ ತೆರೆದುಕೊಂಡವು. ಸುತ್ತಿ ಮಡಿಸಿದ ತಗಡಿನ ಒಂದೇ ಬೆನ್ನೆಲುಬು ನಡುವೆ ಸಾಗಿ ಎರಡೂ ತುದಿಯಲ್ಲಿ ಕವಲೊಡೆದಿದ್ದರೆ ಲೋಟಸ್ ಎಲಾನ್ ನೆನಪಾಗಬೇಕು. ಅದೇ ತತ್ವದ ಚೌಕಟ್ಟನ್ನು ಕೇವಲ 351 ಕಾರುಗಳಷ್ಟು ತಯಾರಾದ ಟೊಯೋಟಾ 2000ಜಿಟಿ ಕೂಡ ಬಳಸಿತು. ಅಲ್ಯೂಮಿನಿಯಂ ಹೊದಿಕೆಯ ಕೆಳಗೆ ಬೆರಳುಗಾತ್ರದ ಕೊಳವೆಗಳ ಪಂಜರ ಸಿಕ್ಕರೆ ಅದು ಮಿಲಾನಿನ ಟೂರಿಂಗ್ ಸಂಸ್ಥೆಯ ಸೂಪರ್‌ಲೆಜ್ಜೆರಾ ಪದ್ಧತಿ. ಆಸ್ಟನ್ ಮಾರ್ಟಿನ್ ಡಿಬಿ4 ಮತ್ತು ಡಿಬಿ5 ಅದರ ಪ್ರಸಿದ್ಧ ಉದಾಹರಣೆಗಳು. ಬುಗಾಟಿ ಟೈಪ್ 35ರಲ್ಲಿ ಮುಂದಿನ ಆಕ್ಸಲ್ ಒಂದೇ ಸಾಕು: ಟೊಳ್ಳಾಗಿ ಹೊಳಪು ಕೊಟ್ಟ ಆ ಆಕ್ಸಲಿನ ಮೂಲಕವೇ ಸ್ಪ್ರಿಂಗ್ ಪಟ್ಟಿಗಳು ತೂರಿ ಹೋಗುತ್ತವೆ. ಇಂಥ ಭಾಗವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಅನಂತರ ಅಳೆಯಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಅತಿ ಉಪಯುಕ್ತವಾದ ಒಂದೇ ಅಂಕಿ. ಫೆರಾರಿ 250 ಜಿಟಿಯ ಉದ್ದ ಚೌಕಟ್ಟಿಗೆ ಅದು 2600 ಮಿ.ಮೀ., ಗಿಡ್ಡ ಚೌಕಟ್ಟಿಗೆ 2400 ಮಿ.ಮೀ.; ಇವೆರಡರ ನಡುವೆ ಬೆಲೆಯಲ್ಲೂ ಇತಿಹಾಸದಲ್ಲೂ ಇರುವ ದೂರ ಆ 200 ಮಿಲಿಮೀಟರಿಗಿಂತ ಬಹಳ ಹೆಚ್ಚು. ಆಸ್ಟನ್ ಮಾರ್ಟಿನ್ ಡಿಬಿ4ಕ್ಕೆ 98 ಅಂಗುಲವಿದ್ದರೆ, 75 ಮಾತ್ರ ತಯಾರಾದ ಡಿಬಿ4 ಜಿಟಿಗೆ 93 ಅಂಗುಲ. ಪೋರ್ಷೆ 911 ಆರಂಭದಲ್ಲಿ 2211 ಮಿ.ಮೀ. ಇದ್ದು, 1969ರ ಮಾದರಿಯಿಂದ 2268 ಮಿ.ಮೀ. ಆಯಿತು. ಅಪಘಾತದಲ್ಲಿ ಬಾಗಿದ ಚೌಕಟ್ಟನ್ನು ಅಳೆಯುವಾಗ ಎರಡೂ ಬದಿಯನ್ನು ಬೇರೆಬೇರೆಯಾಗಿ ಅಳೆದು, ಪೆಟ್ಟು ಬೀಳದ ಬದಿಯನ್ನು ನಂಬಬೇಕು. ಎರಡೂ ಬಾಗಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಅಥವಾ ಬಾಗಿಲ ಚೌಕದ ಅಗಲ ಪರೋಕ್ಷವಾಗಿ ಸತ್ಯ ಹೇಳುತ್ತದೆ. ಕೊಳವೆಯ ವ್ಯಾಸವನ್ನೂ ಬಿಡಬಾರದು. ಮೊದಲ ಎಸಿ ಕೋಬ್ರಾಗಳ ಮುಖ್ಯ ಕೊಳವೆ 3 ಅಂಗುಲದ್ದು, ಅಡ್ಡಕ್ಕೆ ಪಟ್ಟಿ ಸ್ಪ್ರಿಂಗು. ಅನಂತರ ಬಂದ ಕೋಬ್ರಾ 427 ಮಾದರಿಯ ಕೊಳವೆ 4 ಅಂಗುಲದ್ದು, ಸುರುಳಿ ಸ್ಪ್ರಿಂಗು. ಕೋಬ್ರಾದಷ್ಟು ನಕಲಾದ ಕಾರು ಬಹಳ ಕಡಿಮೆ. ಆದ್ದರಿಂದ ಅದರ ವಿಷಯದಲ್ಲಿ ಅಳತೆ ಸರಿಯಿದೆ ಎಂಬುದು ಪರೀಕ್ಷೆಯ ಮೊದಲ ಮೆಟ್ಟಿಲಷ್ಟೇ.

ತಿರುಪುಗಳು ದೇಶವನ್ನು ಹೇಳುತ್ತವೆ. ಹಳೆಯ ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ. ಮೆಟ್ರಿಕ್ ಮತ್ತು ಯುದ್ಧಾನಂತರದ ಯೂನಿಫೈಡ್ ಥ್ರೆಡ್ಡುಗಳದ್ದು 60 ಡಿಗ್ರಿ. ಥ್ರೆಡ್ ಗೇಜಿನಿಂದ ಒಂದು ನಿಮಿಷದಲ್ಲಿ ತಿಳಿಯುವ ಸಂಗತಿ ಇದು. ಆದರೆ ಎಚ್ಚರವಿರಲಿ: ಎಂಜಿ ಟಿಸಿ ಮತ್ತು ಟಿಡಿ ಕಾರುಗಳ ಎಕ್ಸ್‌ಪಿಎಜಿ ಎಂಜಿನ್ನಿನಲ್ಲಿ ಬೋಲ್ಟಿನ ತಲೆ ವಿಟ್‌ವರ್ತ್ ಸ್ಪ್ಯಾನರಿಗೆ ಒಗ್ಗುತ್ತದೆ, ಥ್ರೆಡ್ಡು ಮಾತ್ರ ಮೆಟ್ರಿಕ್. ಆ ಎಂಜಿನ್ ವಿನ್ಯಾಸದ ಹಿಂದೆ ಫ್ರೆಂಚ್ ಯಂತ್ರೋಪಕರಣಗಳ ಪರಂಪರೆ ಇದ್ದುದೇ ಇದಕ್ಕೆ ಕಾರಣ. ಸ್ಪ್ಯಾನರ್ ಕೂತಿತೆಂದ ಮಾತ್ರಕ್ಕೆ ಥ್ರೆಡ್ಡನ್ನು ನಿರ್ಧರಿಸಬಾರದು.

ಎಂಜಿನ್ ಹೇಳುವುದು ಮನೆತನವನ್ನು

ಎಂಜಿನ್ನನ್ನು ಹೊರಗಿನಿಂದಲೇ ಸಾಕಷ್ಟು ಓದಬಹುದು. ಸಿಲಿಂಡರುಗಳ ಜೋಡಣೆ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟುಗಳ ಸಂಖ್ಯೆ, ಅವನ್ನು ತಿರುಗಿಸುವುದು ಸರಪಣಿಯೋ ಹಲ್ಲುಚಕ್ರವೋ, ಸ್ಪಾರ್ಕ್ ಪ್ಲಗ್ ಯಾವ ಬದಿಗಿದೆ ಎಂಬ ನಾಲ್ಕು ಪ್ರಶ್ನೆಗಳು ಹುಡುಕಾಟವನ್ನು ಬಹಳ ಕಿರಿದಾಗಿಸುತ್ತವೆ. ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಾಲ್ಕು-ನಾಲ್ಕರ ಎರಡು ಬ್ಲಾಕುಗಳಾಗಿ ನಿಂತು, ಅವುಗಳ ನಡುವೆ ಕ್ಯಾಮ್ ತಿರುಗಿಸುವ ಹಲ್ಲುಚಕ್ರಗಳ ಗೋಪುರವಿದ್ದರೆ ಅದು ವಿಟ್ಟೋರಿಯೋ ಯಾನೋ ವಿನ್ಯಾಸದ ಆಲ್ಫಾ ರೋಮಿಯೋ 8ಸಿ. ಆರು ಸಿಲಿಂಡರಿನ ಎಂಜಿನ್ 50 ಡಿಗ್ರಿಯಷ್ಟು ಪಕ್ಕಕ್ಕೆ ಒರಗಿ ಕೂರುವಂತೆ ಅದರ ಕಾಲುಗಳು ಎರಕವಾಗಿದ್ದು, ಬಾಷ್ ಕಂಪನಿಯ ಯಾಂತ್ರಿಕ ಇಂಧನ ಪಂಪು ಜೊತೆಗಿದ್ದರೆ ಅದು 300ಎಸ್‌ಎಲ್‌ನದು. ಅದರ ತಮ್ಮನಂತೆ ಕಾಣುವ 190ಎಸ್‌ಎಲ್‌ನಲ್ಲಿ ನಾಲ್ಕೇ ಸಿಲಿಂಡರು, ಎರಡು ಸೋಲೆಕ್ಸ್ ಕಾರ್ಬ್ಯುರೇಟರು. ಸಾಮಾನ್ಯ ಪೋರ್ಷೆ 356ರ ಎಂಜಿನ್ನಿನಲ್ಲಿ ವಾಲ್ವುಗಳನ್ನು ತಳ್ಳುವ ಕಡ್ಡಿಗಳು, ಅಂದರೆ ಪುಶ್‌ರಾಡುಗಳಿರುತ್ತವೆ, ಒಂದು ಡಿಸ್ಟ್ರಿಬ್ಯೂಟರ್ ಇರುತ್ತದೆ. ಅದೇ ಆಕಾರದ ಎಂಜಿನ್ನಿನಲ್ಲಿ ಎರಡು ಡಿಸ್ಟ್ರಿಬ್ಯೂಟರು, ಸಿಲಿಂಡರಿಗೆ ಎರಡು ಪ್ಲಗ್ಗು, ಕ್ಯಾಮುಗಳನ್ನು ತಿರುಗಿಸುವ ಉದ್ದನೆಯ ಶಾಫ್ಟುಗಳು ಕಂಡರೆ ಅದು ಎರ್ನ್‌ಸ್ಟ್ ಫುರ್‌ಮಾನ್ ರೂಪಿಸಿದ ಟೈಪ್ 547ರ ವಂಶ, ಅಂದರೆ 550 ಸ್ಪೈಡರ್ ಅಥವಾ 356 ಕರೇರಾ ಕಡೆಗೆ ನೋಡಬೇಕು. ಕೊಲಂಬೋ ರೂಪಿಸಿದ ಫೆರಾರಿಯ ವಿ12 (ವಿ ಆಕಾರದಲ್ಲಿ ಹನ್ನೆರಡು ಸಿಲಿಂಡರು) ಎಂಜಿನ್ನುಗಳಲ್ಲಿ ಹಳೆಯವಕ್ಕೆ ಪ್ಲಗ್ಗುಗಳು ವಿ ಆಕಾರದ ಒಳಬದಿಯಲ್ಲಿದ್ದು, ವಾಲ್ವುಗಳಿಗೆ ಹೇರ್‌ಪಿನ್ ಸ್ಪ್ರಿಂಗುಗಳಿರುತ್ತವೆ. ಅನಂತರದವಕ್ಕೆ ಪ್ಲಗ್ಗುಗಳು ಹೊರಬದಿಗೆ ಬಂದು, ಸುರುಳಿ ಸ್ಪ್ರಿಂಗುಗಳು ಬಂದವು. 

ಒಳಗೆ ಅಳೆಯಲು ಸಾಧ್ಯವಾದರೆ ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು ಸ್ಟ್ರೋಕನ್ನು (ಪಿಸ್ಟನ್ ಚಲಿಸುವ ದೂರ) ಮಿಲಿಮೀಟರಿನಲ್ಲಿ ತೆಗೆದುಕೊಳ್ಳಬೇಕು. ಬೋರಿನ ವರ್ಗವನ್ನು 0.7854ರಿಂದ ಗುಣಿಸಿ, ಅದನ್ನು ಸ್ಟ್ರೋಕಿನಿಂದ, ಆಮೇಲೆ ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಸಿ.ಸಿ. ಬರುತ್ತದೆ. ಬೋರ್ 73, ಸ್ಟ್ರೋಕ್ 58.8, ಸಿಲಿಂಡರು ಹನ್ನೆರಡು ಎಂದಾದರೆ 2953 ಸಿ.ಸಿ.; ಒಂದು ಸಿಲಿಂಡರಿಗೆ 246 ಸಿ.ಸಿ. ಆಗುವುದನ್ನು ದುಂಡಾಗಿಸಿದ್ದೇ ಫೆರಾರಿ 250 ಎಂಬ ಹೆಸರಿನ ಮೂಲ. ಸಾಮಾನ್ಯವಾಗಿ ಬೋರಿಗಿಂತ ಸ್ಟ್ರೋಕನ್ನು ಹೆಚ್ಚು ನಂಬಬೇಕು, ಏಕೆಂದರೆ ಸವೆದ ಸಿಲಿಂಡರನ್ನು ರೀಬೋರ್ ಮಾಡಿದಾಗಲೆಲ್ಲ ಬೋರ್ ಹಿಗ್ಗುತ್ತದೆ, ಸ್ಟ್ರೋಕನ್ನು ನಿರ್ಧರಿಸುವ ಕ್ರ್ಯಾಂಕಿನ ಅಳತೆ ಬದಲಾಗುವುದಿಲ್ಲ. 87.8 ಮಿ.ಮೀ. ಬೋರ್ ಎಂಬ ಅಳತೆ ಯಾವ ಪಟ್ಟಿಯಲ್ಲೂ ಸಿಗದೆ ಗೊಂದಲವಾಗಬಹುದು. ಅದು ಬಹುಶಃ 87 ಮಿ.ಮೀ. ಬೋರಿನ ಜಾಗ್ವಾರ್ 3.8 ಲೀಟರ್ ಎಂಜಿನ್ನು 30 ಥೌ (ಒಂದು ಥೌ ಅಂದರೆ ಅಂಗುಲದ ಸಾವಿರದ ಒಂದು ಭಾಗ) ರೀಬೋರ್ ಆದದ್ದು.

ಈ ನಿಯಮಕ್ಕೂ ಮಿತಿ ಇದೆ. ಜಾಗ್ವಾರಿನ 3.4, 3.8 ಮತ್ತು 4.2 ಲೀಟರಿನ ಎಕ್ಸ್‌ಕೆ ಎಂಜಿನ್ನುಗಳಿಗೆಲ್ಲ ಸ್ಟ್ರೋಕ್ 106 ಮಿ.ಮೀ. ಒಂದೇ, ಅಲ್ಲಿ ಬೋರೇ ತೀರ್ಪು ಕೊಡಬೇಕು. 1,580 ತಯಾರಾದ 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7ರ ಸ್ಟ್ರೋಕ್ 70.4 ಮಿ.ಮೀ., ಅದೇ ಕಾಲದ ಸಾಮಾನ್ಯ 2.4 ಲೀಟರ್ ಎಂಜಿನ್ನಿನದೂ ಅಷ್ಟೇ. ಭೇದವಿರುವುದು ಬೋರಿನಲ್ಲಿ: ಒಂದರದು 90 ಮಿ.ಮೀ., ಇನ್ನೊಂದರದು 84. ಆರ್‌ಎಸ್‌ನ ಸಿಲಿಂಡರುಗಳ ಒಳಮೈಗೆ ನಿಕಾಸಿಲ್ ಎಂಬ ನಿಕ್ಕಲ್ ಆಧಾರಿತ ಗಟ್ಟಿ ಲೇಪವಿರುತ್ತದೆ, ಎಂಜಿನ್ನಿನ ಮೇಲೆ 911/83 ಎಂಬ ಟೈಪ್ ಸಂಖ್ಯೆ ಇರುತ್ತದೆ.

ಇಷ್ಟೆಲ್ಲ ಆದ ಮೇಲೂ ಎಂಜಿನ್ ಹೇಳುವುದು ಮನೆತನವನ್ನು, ವ್ಯಕ್ತಿಯನ್ನಲ್ಲ. ಎಕ್ಸ್‌ಕೆ ಎಂಜಿನ್ ಜಾಗ್ವಾರಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇದ್ದಂತೆ ದೊಡ್ಡ ಸಲೂನ್ (ಕುಟುಂಬಬಳಕೆಯ ಮುಚ್ಚಿದ) ಕಾರುಗಳಲ್ಲೂ ಇತ್ತು. 66 ಮಿ.ಮೀ. ಬೋರ್, 96 ಮಿ.ಮೀ. ಸ್ಟ್ರೋಕಿನ ಆರು ಸಿಲಿಂಡರ್ ಎಂಜಿನ್ ಸಿಕ್ಕಾಗ ಅದು 464 ಮಾತ್ರ ತಯಾರಾದ ಬಿಎಂಡಬ್ಲ್ಯು 328ರದೆಂದು ಹಿಗ್ಗುವ ಮೊದಲು, ಯುದ್ಧಾನಂತರ ಅದೇ ವಿನ್ಯಾಸವನ್ನು ಬ್ರಿಸ್ಟಲ್ ಮುಂದುವರಿಸಿತೆಂಬುದನ್ನೂ ಆ ಬ್ರಿಸ್ಟಲ್ ಎಂಜಿನ್ ಎಸಿ ಏಸ್ ಮತ್ತು ಫ್ರೇಜರ್ ನ್ಯಾಶ್ ಕಾರುಗಳಿಗೂ ಹೋಯಿತೆಂಬುದನ್ನೂ ನೆನೆಯಬೇಕು. ನಿಸ್ಸಾನಿನ 24 ವಾಲ್ವುಗಳ ಎಸ್20 ಎಂಜಿನ್ ಸ್ಕೈಲೈನ್ ಜಿಟಿ-ಆರ್‌ನಲ್ಲೂ ಇತ್ತು, ಫೇರ್‌ಲೇಡಿ ಝಡ್432ರಲ್ಲೂ ಇತ್ತು.

ಅಂಕೆಗಳು: ಎರಕದ್ದು ಮತ್ತು ಗುದ್ದಿದ್ದು

ಲೋಹದ ಮೇಲೆ ಎರಡು ಜಾತಿಯ ಅಂಕೆಗಳಿರುತ್ತವೆ. ಉಬ್ಬಿಕೊಂಡಿರುವುದು ಎರಕದ ಅಂಕೆ. ಅದು ಅಚ್ಚಿನದು, ಆ ಅಚ್ಚಿನಿಂದ ಬಂದ ಎಲ್ಲ ಭಾಗಗಳಿಗೂ ಒಂದೇ. ಒಳಕ್ಕೆ ಇಳಿದಿರುವುದು ಪಂಚಿನಿಂದ ಗುದ್ದಿದ ಅಂಕೆ. ಅದು ಆ ಒಂದೇ ಭಾಗಕ್ಕೆ ಅಥವಾ ಆ ಒಂದೇ ಕಾರಿಗೆ ಸೇರಿದ್ದು. ಎರಕದ ಅಂಕೆಯನ್ನು ಚಾಸಿ ಸಂಖ್ಯೆಯೆಂದು ತಿಳಿದು ದಾಖಲೆ ಹುಡುಕುವುದು ಹೊಸಬರ ಸಾಮಾನ್ಯ ತಪ್ಪು. ಷೆವ್ರೊಲೆ ಎಂಜಿನ್ ಬ್ಲಾಕುಗಳಲ್ಲಿ ಎರಕ ಹೊಯ್ದ ತಾರೀಖು ಕೂಡ ಉಬ್ಬಿರುತ್ತದೆ: ಜನವರಿಗೆ ಇಂಗ್ಲಿಷಿನ ಎ ಅಕ್ಷರದಿಂದ ಡಿಸೆಂಬರಿಗೆ ಎಲ್‌ವರೆಗೆ ತಿಂಗಳು, ಅನಂತರ ದಿನ, ಕೊನೆಗೆ ವರ್ಷದ ಕಡೆಯ ಅಂಕಿ. ಸಿ 14 7 ಎಂದಿದ್ದರೆ ಮಾರ್ಚ್ 14, ಆದರೆ ವರ್ಷ 1957 ಆಗಬಹುದು, 1967 ಆಗಬಹುದು. ದಶಕವನ್ನು ಬ್ಲಾಕಿನ ಎರಕದ ಸಂಖ್ಯೆಯಿಂದ ತಿಳಿಯಬೇಕು.

ಇಂದು ನಮಗೆ ಪರಿಚಿತವಾದ 17 ಅಕ್ಷರಾಂಕೆಗಳ ಸಂಖ್ಯೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಯಿಂದ. ಅದಕ್ಕೂ ಮೊದಲು ಪ್ರತಿ ತಯಾರಕರದೂ ತಮ್ಮದೇ ಪದ್ಧತಿ. ಜಾಗ್ವಾರ್ ಇ-ಟೈಪ್ 1961ರಲ್ಲಿ ಬಂದಾಗ ಬಲಗೈ ಸ್ಟೀರಿಂಗಿನ ತೆರೆದ ಕಾರಿಗೆ 850001ರಿಂದ, ಬಲಗೈ ಕೂಪೆಗೆ (ಗಟ್ಟಿ ಛಾವಣಿಯ ಕಾರಿಗೆ) 860001ರಿಂದ, ಎಡಗೈ ತೆರೆದ ಕಾರಿಗೆ 875001ರಿಂದ, ಎಡಗೈ ಕೂಪೆಗೆ 885001ರಿಂದ ಸಂಖ್ಯೆ ಆರಂಭವಾಯಿತು. ಮರ್ಸಿಡಿಸ್ಸಿನಲ್ಲಿ 198.040 ಎಂದು ಆರಂಭವಾದರೆ ಗಲ್‌ವಿಂಗ್, 198.042 ಆದರೆ 300ಎಸ್‌ಎಲ್ ರೋಡ್‌ಸ್ಟರ್, 121 ಆದರೆ 190ಎಸ್‌ಎಲ್ ಕಡೆಯದು. ಕರೇರಾ ಆರ್‌ಎಸ್ 2.7ರ ಸಂಖ್ಯೆ 911360ರಿಂದ ಆರಂಭವಾಗುತ್ತದೆ, ಅದರೊಳಗಿನ 3 ಎಂಬುದು 1973ನ್ನು ಸೂಚಿಸುತ್ತದೆ. ಫೆರಾರಿ 1950 ಮತ್ತು 60ರ ದಶಕಗಳಲ್ಲಿ ರಸ್ತೆಯ ಕಾರುಗಳಿಗೆ ಬೆಸ ಸಂಖ್ಯೆಯನ್ನೂ ರೇಸಿನ ಸ್ಪೋರ್ಟ್ಸ್ ಕಾರುಗಳಿಗೆ ಸಮ ಸಂಖ್ಯೆಯನ್ನೂ ಕೊಡುತ್ತಿತ್ತು. ಆದರೆ 250 ಜಿಟಿಒ ರೇಸಿಗೆಂದೇ ಹುಟ್ಟಿದ್ದರೂ ಜಿಟಿ ವರ್ಗದ್ದಾದ್ದರಿಂದ ಅದಕ್ಕೆ ಬೆಸ ಸಂಖ್ಯೆ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳಲ್ಲದೆ ಫೆರಾರಿಯ ಎಂಜಿನ್ ಮತ್ತು ಗೇರ್‌ಬಾಕ್ಸುಗಳ ಮೇಲೆ ಕಾರ್ಖಾನೆಯ ಆಂತರಿಕ ಸಂಖ್ಯೆಯೊಂದು ಇರುತ್ತದೆ. ಕಾರನ್ನು ಕದ್ದವರೂ ನಕಲು ಮಾಡಿದವರೂ ಇದನ್ನು ಹಲವು ಬಾರಿ ಮರೆತಿರುತ್ತಾರೆ. ಇಂಥ ಮರೆತ ಅಂಕೆಗಳೇ ನಮಗೆ ಬೇಕಾದವು.

ಗುದ್ದಿದ ಅಂಕೆಯನ್ನು ಭೂತಗನ್ನಡಿಯಲ್ಲಿ, ಪಕ್ಕದಿಂದ ಬೀಳುವ ಬೆಳಕಿನಲ್ಲಿ ನೋಡಬೇಕು. ಅಂಕೆಗಳ ಆಕಾರ, ಸಾಲಿನ ಓರೆ, ಆಳದ ಏರುಪೇರು ಇವು ಆ ಕಾರ್ಖಾನೆಯ ಇತರ ಖಚಿತ ಕಾರುಗಳ ಅಂಕೆಗಳೊಡನೆ ಹೊಂದಬೇಕು. ಅತಿ ನೇರವಾದ ಸಾಲು ಪ್ರಾಮಾಣಿಕತೆಯ ಲಕ್ಷಣವೇನಲ್ಲ. ಷೆವ್ರೊಲೆ ಬ್ಲಾಕಿನ ಮುಂದುಗಡೆ ಅಂಕೆ ಗುದ್ದುವ ಚಪ್ಪಟೆ ಜಾಗದಲ್ಲಿ ಕಾರ್ಖಾನೆಯ ಕೊರೆಯಂತ್ರ ಬಿಟ್ಟ ಸಣ್ಣ ಸಮಾನಾಂತರ ಗೆರೆಗಳು ಇರುತ್ತವೆ. ಅವು ಮಾಯವಾಗಿ ಮೈ ನುಣುಪಾಗಿದ್ದರೆ ಆ ಜಾಗವನ್ನು ಯಾರೋ ಉಜ್ಜಿದ್ದಾರೆ, ಅದಕ್ಕೆ ಪ್ರಾಮಾಣಿಕ ರಿಪೇರಿಯೂ ಕಾರಣವಿರಬಹುದು, ಮೋಸವೂ ಇರಬಹುದು. ಉಜ್ಜಿ ಅಳಿಸಿದ ಅಂಕೆ ಕೆಲವೊಮ್ಮೆ ಮರಳಿ ಕಾಣಿಸುತ್ತದೆ. ಪಂಚ್ ಬಿದ್ದಾಗ ಗುಳಿಯ ಕೆಳಗಿನ ಲೋಹದ ಕಣರಚನೆ ಒತ್ತಿಕೊಂಡಿರುತ್ತದೆ. ಮೇಲ್ಮೈ ಹೋದರೂ ಆ ಒತ್ತಡ ಉಳಿದಿರುತ್ತದೆ, ತಕ್ಕ ರಾಸಾಯನಿಕ ತಾಗಿದಾಗ ಆ ಭಾಗ ಸುತ್ತಲಿನ ಲೋಹಕ್ಕಿಂತ ಬೇರೆಯಾಗಿ ಕೊರೆಯುತ್ತದೆ. ಆದರೆ ಈ ಕೆಲಸವನ್ನು ವಿಧಿವಿಜ್ಞಾನ ಪರಿಣತರಿಗೇ ಬಿಡಬೇಕು, ಏಕೆಂದರೆ ಕೊರೆದ ಮೈಯನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಜೊತೆಗೆ ದೊಡ್ಡ ಬೆಂಕಿಯಲ್ಲಿ ಬೆಂದ ಉಕ್ಕಿನಲ್ಲಿ ಆ ಒತ್ತಡ ಸಡಿಲಿಹೋಗಿ ಏನೂ ಸಿಗದಿರಬಹುದು.

ಸಣ್ಣ ಭಾಗಗಳ ತಾರೀಖು

ನನಗೆ ಅತ್ಯಂತ ಪ್ರಿಯವಾದ, ಹೆಚ್ಚಿನವರು ಕಡೆಗಣಿಸುವ ಹಂತ ಇದು. ಕಾರು ತಯಾರಕರು ಎಲ್ಲವನ್ನೂ ತಾವೇ ಮಾಡುತ್ತಿರಲಿಲ್ಲ. ಹೊರಗಿನಿಂದ ಬಂದ ಭಾಗಗಳ ಮೇಲೆ ಅವುಗಳ ತಯಾರಕರು ತಮ್ಮ ಲೆಕ್ಕಕ್ಕಾಗಿ ತಾರೀಖು ಹಾಕುತ್ತಿದ್ದರು. ಲೂಕಾಸ್ ಕಂಪನಿಯ ಡಿಸ್ಟ್ರಿಬ್ಯೂಟರು, ಡೈನಮೋ, ಸ್ಟಾರ್ಟರುಗಳ ಮೇಲೆ ತಿಂಗಳು ಮತ್ತು ವರ್ಷವನ್ನು ಗುದ್ದಿರುತ್ತಾರೆ. ವಿಡಿಒ ಕಂಪನಿಯ ಮೀಟರುಗಳ ಹಿಂಬದಿಯಲ್ಲಿ ತಾರೀಖು ಇರುತ್ತದೆ. ಸ್ಮಿತ್ಸ್ ಸ್ಪೀಡೋಮೀಟರಿನ ಮುಖದ ಮೇಲೆ ಸಣ್ಣ ಅಕ್ಷರಗಳಲ್ಲಿ ಭಾಗದ ಸಂಖ್ಯೆಯೂ ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂಬ ಅಂಕಿಯೂ ಇರುತ್ತವೆ. ಈ ಅಂಕಿಯನ್ನು ಹಿಂದಿನ ಆಕ್ಸಲಿನ ಹಲ್ಲುಗಳ ಅನುಪಾತದೊಡನೆ ತಾಳೆ ನೋಡಬಹುದು. ಟ್ರಿಪ್ಲೆಕ್ಸ್ ಗಾಜಿನ ಮೂಲೆಯ ಗುರುತಿನ ಅಕ್ಷರಗಳ ಬಳಿಯ ಚುಕ್ಕೆಗಳೂ ಕಾಲವನ್ನೇ ಹೇಳುತ್ತವೆ. ವೆಬರ್ ಕಾರ್ಬ್ಯುರೇಟರಿನ ಮೇಲಿನ ಮೊದಲ ಅಂಕಿ ಥ್ರಾಟಲಿನ ವ್ಯಾಸ: 40 ಡಿಸಿಒಇ ಎಂದರೆ 40 ಮಿ.ಮೀ. ಈ ಜಾತಿ ಎಲ್ಲೆಡೆ ಸಿಗುವಂಥದು. ಆದರೆ ಮೂರು ಬಾಯಿಗಳ 40 ಐಡಿಎಲ್ ನಾಲ್ಕು ಒಟ್ಟಿಗೆ ಸಿಕ್ಕರೆ ಲ್ಯಾಂಬೋರ್ಗಿನಿ ಮಿಯುರಾ ನೆನಪಾಗಬೇಕು, ಎರಡು ಬಾಯಿಗಳ 38 ಡಿಸಿಎನ್ ಆರು ಸಿಕ್ಕರೆ 250 ಜಿಟಿಒ. ಕಾರ್ಬ್ಯುರೇಟರುಗಳೇ ಕಳುವಾಗಿದ್ದರೂ ಮ್ಯಾನಿಫೋಲ್ಡಿನ ಸ್ಟಡ್ಡುಗಳ ಅಂತರ ಅವುಗಳ ಸಂಖ್ಯೆಯನ್ನೂ ಅಳತೆಯನ್ನೂ ಉಳಿಸಿಕೊಂಡಿರುತ್ತದೆ. ಬೊರಾನಿ ತಂತಿ ಚಕ್ರಗಳ ಮೇಲೆ ಆರ್‌ಡಬ್ಲ್ಯು ಅಕ್ಷರಗಳೊಡನೆ ಮಾದರಿಯ ಸಂಖ್ಯೆ ಇರುತ್ತದೆ.

ತಾರೀಖುಗಳನ್ನು ಓದುವ ತರ್ಕ ಸರಳ. ಕಾರಿಗಿಂತ ಅದರ ಭಾಗ ಮೊದಲು ತಯಾರಾಗಿರಲೇಬೇಕು. ಹಾಗಾಗಿ ಮೂಲ ಭಾಗಗಳ ತಾರೀಖುಗಳು ಒಂದು ಕಡೆ ಗುಂಪಾಗಿ ನಿಲ್ಲುತ್ತವೆ, ಕಾರು ಜೋಡಣೆಯಾದದ್ದು ಆ ಗುಂಪಿನ ಕೊನೆಯ ತಾರೀಖಿನ ಆಚೆಗೆ. ಗುಂಪಿನಿಂದ ದೂರ ನಿಂತ ಒಂಟಿ ತಾರೀಖು ನಡುವೆ ನಡೆದ ರಿಪೇರಿಯನ್ನೋ ಬೇರೆ ಕಾರಿನ ಭಾಗವನ್ನೋ ತೋರಿಸುತ್ತದೆ.

ಒಂದು ರಾಶಿಯನ್ನು ಊಹಿಸಿಕೊಳ್ಳೋಣ. ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆಯ 3.8 ಲೀಟರ್ ಎಕ್ಸ್‌ಕೆ ಎಂಜಿನ್, ಎರಡು ಅಂಗುಲದ ಮೂರು ಎಸ್‌ಯು ಕಾರ್ಬ್ಯುರೇಟರುಗಳು, ಮೊದಲ ಗೇರಿಗೆ ಸಿಂಕ್ರೋ (ಗೇರು ಸದ್ದಿಲ್ಲದೆ ಸುಲಭವಾಗಿ ಕೂರಲು ನೆರವಾಗುವ ವ್ಯವಸ್ಥೆ) ಇಲ್ಲದ ಗೇರ್‌ಬಾಕ್ಸು, 2 62 ಎಂಬ ತಾರೀಖಿನ ಸ್ಟಾರ್ಟರು, 3 62ರ ಡಿಸ್ಟ್ರಿಬ್ಯೂಟರು, 885ರಿಂದ ಆರಂಭವಾಗುವ ಸಂಖ್ಯೆ ಗುದ್ದಿದ ಮುಂದಿನ ಕೊಳವೆ ಚೌಕಟ್ಟು, ಮತ್ತು 1965ರ ಆಲ್ಟರ್ನೇಟರು. ಎಂಜಿನ್, ಕಾರ್ಬ್ಯುರೇಟರು, ಗೇರ್‌ಬಾಕ್ಸು ಈ ಮೂರೂ ಸೇರಿ ಇ-ಟೈಪ್ 3.8 ಎನ್ನುತ್ತವೆ. ಎರಡು ತಾರೀಖುಗಳು 1962ರ ವಸಂತದ ಸುತ್ತಮುತ್ತ ಕೂಡುತ್ತವೆ. ಆಲ್ಟರ್ನೇಟರು ಮಾತ್ರ ಹೊರಗಿನದು, ಏಕೆಂದರೆ 3.8ಕ್ಕೆ ಡೈನಮೋ ಇತ್ತು, ಆಲ್ಟರ್ನೇಟರು ಬಂದದ್ದು 1964ರಲ್ಲಿ 4.2 ಜೊತೆಗೆ. ಹಾಗಾದರೆ ಚೌಕಟ್ಟಿನ ಸಂಖ್ಯೆಯೇ ಕಾರಿನ ಗುರುತೇ? ಇಲ್ಲಿ ನಿಲ್ಲಬೇಕು. ಇ-ಟೈಪಿನ ಆ ಚೌಕಟ್ಟು ಬೋಲ್ಟಿನಿಂದ ಕೂಡಿಸಿದ್ದು, ಅಪಘಾತದ ನಂತರ ಬದಲಾಗಬಲ್ಲದು. ಕಾರ್ಖಾನೆಯ ದಾಖಲೆಯಲ್ಲಿ ಆ ಚಾಸಿ ಸಂಖ್ಯೆಯ ಜೊತೆಗೆ ಇದೇ ಎಂಜಿನ್ ಸಂಖ್ಯೆ, ಇದೇ ಗೇರ್‌ಬಾಕ್ಸ್ ಸಂಖ್ಯೆ ಬರೆದಿದ್ದರೆ ಮಾತ್ರ ವಾದ ಗಟ್ಟಿಯಾಗುತ್ತದೆ.

ಮೈ ತಗಡು

ಜೇಬಿನಲ್ಲೊಂದು ಅಯಸ್ಕಾಂತವಿರಲಿ, ಬಟ್ಟೆ ಸುತ್ತಿ ಬಳಸಿದರೆ ಬಣ್ಣಕ್ಕೆ ಗೀರು ಬೀಳದು. ಜಾಗ್ವಾರ್ ಎಕ್ಸ್‌ಕೆ120ರ ಮೊದಲ 240ರಷ್ಟು ಕಾರುಗಳ ಮೈ ಅಲ್ಯೂಮಿನಿಯಮ್ಮಿನದು, ಅನಂತರದ್ದೆಲ್ಲ ಉಕ್ಕಿನದು. ಗಲ್‌ವಿಂಗ್‌ಗಳಲ್ಲಿ ಪೂರ್ತಿ ಅಲ್ಯೂಮಿನಿಯಂ ಮೈಯವು 29 ಮಾತ್ರ. ಉಳಿದವುಗಳಲ್ಲಿ ಬಾನೆಟ್ಟು, ಬಾಗಿಲು, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಮ್ಮು, ಮಿಕ್ಕದ್ದು ಉಕ್ಕು. ಹಾಗಾಗಿ ಬಾಗಿಲಿಗೆ ಅಯಸ್ಕಾಂತ ಅಂಟಲಿಲ್ಲವೆಂದು ಹಿಗ್ಗದೆ ಮಡ್‌ಗಾರ್ಡಿನ ಮೇಲೆ ಪರೀಕ್ಷಿಸಬೇಕು.

ಕೈಕೆಲಸದ ತಗಡಿನ ಒಳಬದಿಯಲ್ಲಿ ಸುತ್ತಿಗೆಯ ಗುರುತುಗಳು, ತಂತಿಯ ಸುತ್ತ ಮಡಿಸಿದ ಅಂಚುಗಳು, ಎಡಬಲಗಳ ನಡುವೆ ಕೆಲವು ಮಿಲಿಮೀಟರಿನ ವ್ಯತ್ಯಾಸ ಇರುತ್ತವೆ. ಅಂಥ ಕಾರುಗಳಲ್ಲಿ ಪ್ರತಿ ಬಾನೆಟ್ಟನ್ನೂ ಬಾಗಿಲನ್ನೂ ಅದರ ಮೈಗೇ ಕೂರಿಸಿ ಸರಿಮಾಡುತ್ತಿದ್ದುದರಿಂದ, ಬೆರೆಯದಿರಲೆಂದು ಕಿಟಕಿಯ ಚೌಕ, ತಿರುಗಣಿ, ಸೀಟಿನ ಹಲಗೆಗಳ ಮೇಲೆ ಒಂದೇ ಸಂಖ್ಯೆಯನ್ನು ಗುದ್ದುತ್ತಿದ್ದರು ಅಥವಾ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಪೋರ್ಷೆ 356ರಲ್ಲಿ ಮುಚ್ಚಳಗಳ ಮೇಲೆ ಚಾಸಿ ಸಂಖ್ಯೆಯ ಕೊನೆಯ ಅಂಕಿಗಳೇ ಇರುತ್ತವೆ. ಮೂಲ ಬಣ್ಣವನ್ನು ಹೊರಮೈಯಲ್ಲಿ ಹುಡುಕಬೇಡಿ. ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲ ಹೊದಿಕೆಯ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಮರೆಯಲ್ಲಿ ಅದು ಉಳಿದಿರುತ್ತದೆ.

ಗುರುತು ಎಂದರೆ ಎಷ್ಟು

ಒಂದೇ ಕಾರು ಎರಡು ರಾಶಿಗಳಾಗಿ ಒಡೆದಿರುವುದು ಈ ಲೋಕದಲ್ಲಿ ಅಪರೂಪವಲ್ಲ. ರೇಸಿನ ಕಾಲದಲ್ಲಿ ಕೆಟ್ಟ ಎಂಜಿನ್ ಒಬ್ಬರಿಗೆ, ಬಾಗಿದ ಚೌಕಟ್ಟು ಇನ್ನೊಬ್ಬರಿಗೆ ಮಾರಿಹೋಗಿ, ಐವತ್ತು ವರ್ಷಗಳ ನಂತರ ಎರಡರ ಸುತ್ತಲೂ ಒಂದೊಂದು ಪೂರ್ತಿ ಕಾರು ಎದ್ದುನಿಂತು ಒಂದೇ ಸಂಖ್ಯೆಯನ್ನು ಹೇಳಿಕೊಳ್ಳುತ್ತವೆ. ಆದ್ದರಿಂದ ಬರೆದಿಡುವಾಗ ಮಾತು ಅಳೆದಿರಬೇಕು: ಇದು ಇಂಥ ಮಾದರಿಯ ಚೌಕಟ್ಟು ಎಂಬುದು ಒಂದು ಮಾತು, ಇದು ಇಂಥ ಸಂಖ್ಯೆಯ ಕಾರಿಗೆ ಸೇರಿದ್ದ ಚೌಕಟ್ಟು ಎಂಬುದು ಇನ್ನೊಂದು, ಇದೇ ಆ ಕಾರು ಎಂಬುದು ಮೂರನೆಯದು. ಪ್ರತಿಯೊಂದು ಭಾಗದ ಎದುರು ಅದರ ಅಂಕೆ, ತಾರೀಖು, ಸಿಕ್ಕ ಜಾಗ ಮತ್ತು ನಿಮ್ಮ ನಂಬಿಕೆಯ ಮಟ್ಟವನ್ನು ಬರೆಯಿರಿ. ಹೊಂದದೆ ಉಳಿದ ಭಾಗಗಳನ್ನೂ ಬಿಡದೆ ಬರೆಯಿರಿ, ಮುಂದೆ ಯಾರಾದರೂ ಮರುಪರಿಶೀಲಿಸುವಾಗ ಅವರಿಗೆ ಬೇಕಾಗುವುದು ಅವೇ.

ಕೊನೆಯ ಪರೀಕ್ಷೆ ಕಾರ್ಖಾನೆಯ ದಾಖಲೆ. ಜಾಗ್ವಾರ್, ಪೋರ್ಷೆ, ಫೆರಾರಿ, ಆಲ್ಫಾ ರೋಮಿಯೋ, ಮರ್ಸಿಡಿಸ್-ಬೆಂಜ್ ಇವುಗಳಿಗೆ ತಮ್ಮ ಹಳೆಯ ಕಾರುಗಳ ವಿವರಗಳನ್ನು ಕಾಯ್ದಿಟ್ಟು ಪರಿಶೀಲಿಸಿ ತಿಳಿಸುವ ವಿಭಾಗಗಳೋ ಸಂಸ್ಥೆಗಳೋ ಇವೆ. ಅವುಗಳಿಗೆ ಬರೆಯುವ ಮೊದಲು ಅಂಕೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯಿರಿ. ಅಂಕೆಗಳನ್ನು ಮೂಲ ದಾಖಲೆ ಬಂದು ತಾಳೆ ಆಗುವವರೆಗೆ ಹೊರಗಿನವರಿಗೆ ತೋರಿಸದಿರುವುದು ಒಳ್ಳೆಯದು, ಏಕೆಂದರೆ ಕಳೆದುಹೋದ ಕಾರೊಂದರ ಸಂಖ್ಯೆ ಬಯಲಾದರೆ ಅದರ ಫಲಕ ಮತ್ತೆಲ್ಲಿಯೋ ಹುಟ್ಟಿಕೊಳ್ಳಬಹುದು. ಅದೇ ವೇಳೆಗೆ ಕಾರು ಕಳುವಾದದ್ದೆಂದು ದಾಖಲಾಗಿದೆಯೇ ಎಂಬುದನ್ನು ಪೊಲೀಸರ ಮೂಲಕ ಖಚಿತಪಡಿಸಿಕೊಳ್ಳಿ. ಉತ್ತರಕ್ಕೆ ಕಾಯುವಾಗ ಅಂಕೆಗಳಿರುವ ಜಾಗಕ್ಕೆ ಬಣ್ಣ ಬಳಿಯದೆ, ತೆಳುವಾಗಿ ಮೇಣವನ್ನೋ ಎಣ್ಣೆಯನ್ನೋ ಸವರಿ, ಒಣಗಿದ ಕೋಣೆಯಲ್ಲಿ ಇಡಿ.